ಸೈಕಲ್ ಕಡ್ಡಿ ಚುಚ್ಚಿ ಗಿಡ ಗುರುತಿಸುವ ಕಾರ್ಡು ಕಟ್ಟು: ಮಾಡಿದ ಬಗೆ

ತುಮಕೂರು ಪಕ್ಕದ ದೇವರಾಯನದುರ್ಗದ ಗುಡ್ಡಗಳಲ್ಲಿ, ಸುತ್ತಲಿನ ಬೇಲಿ, ಗೋಮಾಳಗಳಲ್ಲಿ ಕಾಣುವ 48 ಗಿಡಮರಗಳಿಗೆ ಒಂದು ಕಟ್ಟು ಕಾರ್ಡು ಮಾಡಿದ್ದೇನೆ. ಒಂದು ಗಿಡಕ್ಕೆ ಒಂದು ಕಾರ್ಡು. ಕಾರ್ಡಿನ ಅಂಚಿನುದ್ದಕ್ಕೂ ಸಾಲು ತೂತು, ಒಂದೊಂದು ತೂತಿಗೆ ಒಂದೊಂದು ಲಕ್ಷಣ. ಆ ಗಿಡಕ್ಕೆ ಆ ಲಕ್ಷಣ ಇದ್ದರೆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ಬಿಡಿಸಿರುತ್ತೇನೆ. ಇಲ್ಲದಿದ್ದರೆ ತೂತು ಹಾಗೇ ಮುಚ್ಚಿರುತ್ತದೆ. ಗಿಡದ ಮುಂದೆ ನಿಂತು, ಕಂಡ ಲಕ್ಷಣದ ತೂತಿಗೆ ಸೈಕಲ್ ಕಡ್ಡಿ ತೂರಿಸಿ, ಕಟ್ಟನ್ನು ಎತ್ತಿ ಅಲ್ಲಾಡಿಸಿದರೆ ಬಾಯಿ ಬಿಡಿಸಿದ ಕಾರ್ಡುಗಳು ಉದುರುತ್ತವೆ. ಉದುರಿದ್ದನ್ನು ಆರಿಸಿಕೊಂಡು ಮುಂದಿನ ತೂತಿಗೆ ಕಡ್ಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕೈಯಲ್ಲಿ ಒಂದೋ ಎರಡೋ ಕಾರ್ಡು ಉಳಿಯುತ್ತದೆ.

ಉಪಾಯ ನನ್ನದಲ್ಲ. ಕಂಪ್ಯೂಟರ್ ಬರುವ ಮುಂಚೆ ಗ್ರಂಥಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ ಇಂಥ ಕಾರ್ಡುಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಗಿಡ ಗುರುತಿಸಲೂ ಬಳಸಿದ್ದುಂಟು. ನಾನು ಮಾಡಿದ್ದು ಇಷ್ಟೇ: ಅದನ್ನು ನಮ್ಮ ಕುರುಚಲು ಕಾಡಿಗೆ, ಜೇಬಿನ ಅಳತೆಗೆ, ಕನ್ನಡಕ್ಕೆ ಇಳಿಸಿಕೊಂಡೆ.

ಫೋನಿನಲ್ಲಿ ಆ್ಯಪ್ ಇದೆಯಲ್ಲ ಅಂತ ಕೇಳುವವರಿಗೆ: ಇದೆ, ನಾನೂ ಬಳಸುತ್ತೇನೆ. ಆದರೆ ಗುಡ್ಡದ ಹಿಂಬದಿಗೆ ಹೋದರೆ ಸಿಗ್ನಲ್ ಇರುವುದಿಲ್ಲ. ಇದ್ದಾಗಲೂ ಆ್ಯಪ್ ಹೆಸರು ಹೇಳುತ್ತದೆ, ಯಾಕೆ ಆ ಹೆಸರು ಅಂತ ಹೇಳುವುದಿಲ್ಲ. ಹೂವಿಲ್ಲದ ಮುಳ್ಳುಪೊದೆಯ ಫೋಟೋ ಕೊಟ್ಟರಂತೂ ಅದರ ಉತ್ತರ ಸುಮ್ನೆ ಒಂದು ಊಹೆ.

ಇನ್ನು ಪುಸ್ತಕಗಳಲ್ಲಿ ಬರುವ ಕವಲು ಕೀಲಿ. ಎರಡು ಆಯ್ಕೆ ಕೊಟ್ಟು, ಒಂದನ್ನು ಹಿಡಿದು ಮುಂದಿನ ಜೋಡಿಗೆ ಹೋಗಿ ಅನ್ನುವ ಪದ್ಧತಿ. ಫ್ರಾನ್ಸಿನ ಲಾಮಾರ್ಕ್ 1778ರಲ್ಲಿ ತನ್ನ ದೇಶದ ಸಸ್ಯಗಳಿಗೆ ಇಂಥ ಕೀಲಿ ಮಾಡಿದ್ದ. ಇವತ್ತಿಗೂ ಸಸ್ಯಶಾಸ್ತ್ರಜ್ಞರ ಮೊದಲ ಆಯುಧ ಅದೇ. ಆದರೆ ಅದರಲ್ಲಿ ಮೊದಲ ಪ್ರಶ್ನೆಯನ್ನು ಬಿಟ್ಟು ಎರಡನೆಯದಕ್ಕೆ ಹೋಗಲು ಬರುವುದಿಲ್ಲ. ಮೊದಲ ಪ್ರಶ್ನೆಯೇ ‘ಅಂಡಾಶಯ ಮೇಲಿದೆಯೋ ಕೆಳಗಿದೆಯೋ’ ಅಂತ ಇದ್ದು, ನಿಮ್ಮ ಮುಂದಿರುವ ಗಿಡದಲ್ಲಿ ಹೂವೇ ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಕಾರ್ಡು ಕಟ್ಟಿನಲ್ಲಿ ಆ ತೊಂದರೆ ಇಲ್ಲ. ಯಾವ ಲಕ್ಷಣ ಕಣ್ಣಿಗೆ ಬಿತ್ತೋ ಅಲ್ಲಿಂದ ಶುರು. ಗೊತ್ತಾಗದ್ದನ್ನು ಬಿಟ್ಟುಬಿಡಬಹುದು.

ತೂತು ಕೊರೆಯುವುದು ಒಂದು ಮಧ್ಯಾಹ್ನದ ಕೆಲಸ. ಯಾವ ತೂತಿಗೆ ಯಾವ ಲಕ್ಷಣ ಅಂತ ಗೊತ್ತುಮಾಡುವುದೇ ನಿಜವಾದ ಕೆಲಸ. ಅದಕ್ಕೇ ಅದನ್ನು ಮೊದಲು ಹೇಳುತ್ತೇನೆ.

ಕಾರ್ಡಿನ ಅಳತೆ ಎ6, ಅಂದರೆ 148 x 105 ಮಿಲಿಮೀಟರ್. ಉದ್ದನೆಯ ಎರಡು ಅಂಚಿಗೆ 13, 13 ತೂತು. ಮೇಲಿನ ಗಿಡ್ಡ ಅಂಚಿಗೆ 7. ಒಟ್ಟು 33. ಕೆಳಗಿನ ಅಂಚು ಖಾಲಿ, ಹಿಡಿದುಕೊಳ್ಳಲು ಬೇಕು.

ಎಡ ಅಂಚು ಪೂರ್ತಿ ಎಲೆಯದು. ಮೊದಲ ಮೂರು ತೂತು ಎಲೆಗಳ ಜೋಡಣೆಗೆ: ಎದುರೆದುರು, ಒಂದಾದ ಮೇಲೊಂದು, ಗೊಂಚಲು. ಇದರಷ್ಟು ಕೆಲಸಕ್ಕೆ ಬರುವ ಲಕ್ಷಣ ಇನ್ನೊಂದಿಲ್ಲ. ವರ್ಷವಿಡೀ ಕಾಣುತ್ತದೆ, ಮಗುವಿಗೂ ಗೊತ್ತಾಗುತ್ತದೆ, ‘ಎದುರೆದುರು’ ಅಂತ ಕಂಡರೆ ಒಂದೇ ಏಟಿಗೆ ಕಟ್ಟು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಆಮೇಲೆ ಎಲೆಯ ಬಗೆ: ಬಿಡಿ ಎಲೆ, ಮೂರೆಲೆ, ಬೆರಳು ಬಿಡಿಸಿದ ಎಲೆ, ಗರಿ ಎಲೆ, ಗರಿಯೊಳಗೆ ಗರಿ. ಬಿಲ್ವ, ಮುತ್ತುಗ ಮೂರೆಲೆ. ಬೂರುಗ ಬೆರಳು. ಬೇವು, ಹೊಂಗೆ, ಕಕ್ಕೆ ಗರಿ. ಜಾಲಿ, ಚುಜ್ಜಲು ಗರಿಯೊಳಗೆ ಗರಿ. ಗರಿಯ ತುದಿಯಲ್ಲಿ ಒಂಟಿ ಚಿಕ್ಕೆಲೆ ಇದೆಯಾ ಅನ್ನುವುದಕ್ಕೆ ಬೇರೆ ತೂತು. ಹೊಂಗೆಗೆ ಇರುತ್ತದೆ, ಕಕ್ಕೆಗೆ ಇರುವುದಿಲ್ಲ. ಉಳಿದ ನಾಲ್ಕು: ಅಂಚಿನಲ್ಲಿ ಹಲ್ಲು, ಎಲೆ ಬುಡದಿಂದಲೇ ಹೊರಡುವ ಮೂರು ನರ, ಎಲೆಯ ಮೇಲೋ ತೊಟ್ಟಿನ ಮೇಲೋ ಗುಬುಟು, ಎಲೆಯ ಅಡಿಭಾಗ ಬಿಳಿ ತುಪ್ಪಟ.

ಈ ಗುಬುಟು ಅನ್ನುವುದು ಬರಿಗಣ್ಣಿಗೆ ಕಂಡರೂ ಯಾರೂ ನೋಡದ ವಸ್ತು. ಕರಿಮತ್ತಿಯ ಎಲೆ ತಿರುಗಿಸಿ. ತೊಟ್ಟಿಗೆ ಹತ್ತಿರ, ನಡುನರದ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಎರಡು ಗಂಟು ಇರುತ್ತವೆ. ತಂಗಡಿಯಲ್ಲಿ ಪ್ರತಿ ಜೋಡಿ ಚಿಕ್ಕೆಲೆಗಳ ನಡುವೆ ಒಂದೊಂದು ಗುಬುಟು ನೆಟ್ಟಗೆ ನಿಂತಿರುತ್ತದೆ. ತಂಗಡಿಗೆ ಇನ್ನೂ ಒಂದು ಗುರುತಿದೆ, ಎಲೆಯ ಬುಡದಲ್ಲಿ ಕಾಂಡವನ್ನು ಅಪ್ಪಿಕೊಂಡ ಕಿವಿಯಾಕಾರದ ಅಗಲ ಪತ್ರ. ಸಸ್ಯಶಾಸ್ತ್ರದ ಹೆಸರು ಸೆನ್ನ ಆರಿಕ್ಯುಲೇಟ ಅಂತ ಬಂದಿದ್ದು ಆ ಕಿವಿಯಿಂದಲೇ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಿಸುವ ಲೆನ್ಸ್ ಒಂದನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರೆ ಇವೆಲ್ಲ ಚೆನ್ನಾಗಿ ಕಾಣುತ್ತವೆ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಎಲೆಯನ್ನು ಹತ್ತಿರ ತರಬೇಕು. ಲೆನ್ಸನ್ನು ಎಲೆಯ ಮೇಲಿಟ್ಟು ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ.

ಗರಿ ಎಲೆಯೋ ಬಿಡಿ ಎಲೆಗಳ ಸಾಲೋ ಅನ್ನುವ ಗೊಂದಲಕ್ಕೆ ಒಂದು ಪರೀಕ್ಷೆ ಸಾಕು. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಚಿಕ್ಕೆಲೆಯ ಕಂಕುಳಲ್ಲಿ ಇರುವುದಿಲ್ಲ. ಬೇವಿನ ಗರಿ ಹಿಡಿದು ನೋಡಿ, ಒಂದೊಂದು ಚಿಕ್ಕೆಲೆಯ ಬುಡವೂ ಖಾಲಿ. ಮೊಗ್ಗು ಇರುವುದು ಇಡೀ ಗರಿ ಕೊಂಬೆಗೆ ಸೇರುವಲ್ಲಿ ಮಾತ್ರ. ಬೆಟ್ಟದ ನೆಲ್ಲಿ ನೋಡಿದರೆ ಗರಿ ಎಲೆ ಅಂತಲೇ ಅನ್ನಿಸುತ್ತದೆ. ಆದರೆ ಹೂವಿನ ಕಾಲದಲ್ಲಿ ಆ ಸಣ್ಣ ಸಣ್ಣ ಎಲೆಗಳ ಬುಡದಲ್ಲೇ ಸಾಲಾಗಿ ಹಸಿರು ಮಿಶ್ರಿತ ಹಳದಿ ಹೂ ಬಿಡುತ್ತದೆ. ಅಂದರೆ ಅವು ಬಿಡಿ ಎಲೆಗಳು, ಗರಿಯಂತೆ ಕಾಣುವುದು ನಿಜಕ್ಕೂ ಸಣ್ಣ ರೆಂಬೆ. ಪುಸ್ತಕದ ಪ್ರಕಾರ ನೆಲ್ಲಿಗೆ ‘ಬಿಡಿ ಎಲೆ’ ಒಂದನ್ನೇ ಕತ್ತರಿಸಬೇಕು. ನಾನು ‘ಬಿಡಿ’, ‘ಗರಿ’ ಎರಡನ್ನೂ ಕತ್ತರಿಸಿದ್ದೇನೆ. ಕಾರ್ಡು ಬಳಸುವವರಿಗೆ ಗರಿ ಅಂತ ಕಂಡರೂ ನೆಲ್ಲಿ ಬೀಳಲಿ ಅಂತ. ಇದು ಪರೀಕ್ಷೆಯ ಉತ್ತರಪತ್ರಿಕೆ ಅಲ್ಲವಲ್ಲ.

ಹಾಗೇ ಮತ್ತಿ, ದಿಂಡಿಗ ಇವುಗಳ ಎಲೆ ಒಂದು ರೆಂಬೆಯಲ್ಲಿ ಎದುರೆದುರು, ಇನ್ನೊಂದರಲ್ಲಿ ತುಸು ಹಿಂದೆಮುಂದೆ. ಅವಕ್ಕೂ ಎರಡೂ ತೂತಿಗೆ ಬಾಯಿ. ‘ಎದುರೆದುರು’ ಅಂತ ಒಂದೇ ತೂತು ಮಾಡಿ, ಬೀಳದವೆಲ್ಲ ‘ಒಂದಾದ ಮೇಲೊಂದು’ ಅಂದುಕೊಂಡಿದ್ದರೆ ತೂತು ಉಳಿಯುತ್ತಿತ್ತು. ಆದರೆ ಮತ್ತಿಯಂಥ ಮರಗಳು ಕೈತಪ್ಪುತ್ತಿದ್ದವು.

ಬಲ ಅಂಚು ಮುಟ್ಟಿ, ಮೂಸಿ, ಮುರಿದು ನೋಡುವ ಲಕ್ಷಣಗಳಿಗೆ. ಬಿಳಿ ಹಾಲು, ಕೆಂಪು ರಸ, ಉಜ್ಜಿದಾಗ ವಾಸನೆ, ಅಂಟು, ರೆಂಬೆಯ ಮೇಲೆ ಬಳೆಯಂಥ ಗುರುತು, ಚೌಕ ಕಾಂಡ. ಆಮೇಲೆ ಮುಳ್ಳಿನ ಮೂರು ಬಗೆ: ನೇರ, ಕೊಕ್ಕೆ, ಕವಲು. ಕೊನೆಗೆ ತೊಗಟೆಯ ನಾಲ್ಕು: ನುಣುಪು, ಮೊಸಳೆ ಚರ್ಮದಂತೆ ಸೀಳು, ಚಕ್ಕೆ ಏಳುವುದು, ಮುಳ್ಳುಗಳಿರುವುದು.

ಬಳೆ ಗುರುತು ಆಲ, ಅರಳಿ, ಅತ್ತಿ, ಬಸರಿ, ಗೋಣಿ ಕುಟುಂಬದ್ದು. ಎಳೆ ಎಲೆಯನ್ನು ಸುತ್ತಿಕೊಂಡಿರುವ ಹೊದಿಕೆ ಬಿದ್ದುಹೋದ ಮೇಲೆ ರೆಂಬೆಯ ಸುತ್ತ ಗೆರೆ ಉಳಿಯುತ್ತದೆ. ಹಾಲು, ಬಳೆ ಎರಡೂ ಕಂಡರೆ ಆ ಐದೂ ಒಟ್ಟಿಗೆ ಬೀಳುತ್ತವೆ. ಅವನ್ನು ತೂತಿನಿಂದ ಬೇರೆ ಮಾಡಲು ಹೋಗಿಲ್ಲ, ಕಾರ್ಡಿನ ಮೇಲೇ ಬರೆದಿದ್ದೇನೆ. ಅರಳಿಗೆ ಬಾಲದಂಥ ಉದ್ದ ತುದಿ, ಆಲಕ್ಕೆ ಬಿಳಲು, ಅತ್ತಿಗೆ ಕಾಂಡದ ಮೇಲೇ ಕಾಯಿ ಗೊಂಚಲು. ಗುಂಪು ಸಿಕ್ಕರೆ ಸಾಕು, ಮಿಕ್ಕಿದ್ದು ಓದಿ ಗೊತ್ತುಮಾಡಿಕೊಳ್ಳಬಹುದು.

ಅಂಟು ಅನ್ನುವುದು ಮುಖ್ಯವಾಗಿ ಬಂದುರಿಕೆಗೋಸ್ಕರ ಇಟ್ಟ ತೂತು. ಒಣ ಗುಡ್ಡಗಳಲ್ಲಿ ಈ ಪೊದೆ ಅಷ್ಟು ಜಾಸ್ತಿ. ಎಲೆ ಮುಟ್ಟಿದರೆ ಬೆರಳಿಗೆ ಜಿಗುಟು, ಕಾಯಿಗೆ ಕಾಗದದಂಥ ರೆಕ್ಕೆ. ಚೌಕ ಕಾಂಡ ಗೊತ್ತಾಗಲು ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಬೇಕು. ಚೌಕವಾಗಿದ್ದರೆ ತಟಕ್ ತಟಕ್ ಅಂತ ಮೂಲೆ ಸಿಗುತ್ತದೆ. ತುಂಬೆ ಹೀಗೆ. ಲಂಟಾನ ಹೀಗೆ. ಸಾಗುವಾನಿಯ ಎಳೆ ರೆಂಬೆಯೂ ಹೀಗೆ.

ಈ ಪಟ್ಟಿಯಲ್ಲಿ ‘ಮುಳ್ಳಿಲ್ಲ’, ‘ಹಾಲಿಲ್ಲ’ ಅನ್ನುವ ತೂತು ಒಂದೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಬೂರುಗದ ಎಳೆ ಮರದ ಕಾಂಡದ ತುಂಬ ಮುಳ್ಳು. ಹಳೆಯ ಮರದ ಬುಡದಲ್ಲಿ ಅವು ಉದುರಿ ಹೋಗಿರುತ್ತವೆ. ಬೇಸಿಗೆಯಲ್ಲಿ ಎಷ್ಟೋ ಗಿಡಗಳ ಹಾಲು ಬತ್ತಿ, ಎಲೆ ಮುರಿದರೆ ತೊಟ್ಟೂ ಬರುವುದಿಲ್ಲ. ಕಂಡಿದ್ದನ್ನು ನಂಬಬಹುದು, ಕಾಣದ್ದನ್ನು ನಂಬಿ ಕಡ್ಡಿ ಚುಚ್ಚಿದರೆ ಸರಿಯಾದ ಕಾರ್ಡೇ ಕಟ್ಟಿನಿಂದ ಆಚೆ ಹೋಗುತ್ತದೆ. ಹಾಗಾಗಿ ಕಡ್ಡಿ ಕಂಡ ಲಕ್ಷಣಕ್ಕೆ ಮಾತ್ರ. ಕಟ್ಟಿನ ಮೇಲಿನ ರಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಇದೊಂದೇ ಸೂಚನೆ ಬರೆದಿದ್ದೇನೆ.

ಮೇಲಿನ ಗಿಡ್ಡ ಅಂಚಿನ ಏಳು ತೂತಿನಲ್ಲಿ ನಾಲ್ಕು ಗಿಡದ ಆಕಾರಕ್ಕೆ: ಮರ, ಪೊದೆ, ಬಳ್ಳಿ, ಸಣ್ಣ ಗಿಡ. ಹೂವಿನ ಬಣ್ಣಕ್ಕೆ ಉಳಿದದ್ದು ಮೂರೇ: ಬಿಳಿ, ಹಳದಿ, ಮತ್ತು ಕೆಂಪಿನಿಂದ ನೀಲಿಯವರೆಗಿನದೆಲ್ಲ ಸೇರಿ ಒಂದು. ಹೂವಿಗೆ ಇಷ್ಟು ಕಮ್ಮಿ ಜಾಗವಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಹೂ ಇದ್ದರೆ ಗಿಡ ಗುರುತಿಸುವುದು ಹೇಗೂ ಸುಲಭ. ಮುತ್ತುಗ ಫೆಬ್ರುವರಿ, ಮಾರ್ಚಿನಲ್ಲಿ ಎಲೆಯಿಲ್ಲದೆ ಕೆಂಪಗೆ ನಿಂತಾಗ ಕಾರ್ಡು ಯಾರಿಗೆ ಬೇಕು? ಬಣ್ಣ ನಂಬಿಕಸ್ಥನೂ ಅಲ್ಲ. ಗೌರಿ ಹೂವಿನ ದಳ ಅರಳುವಾಗ ಹಸಿರು ಹಳದಿ, ದಿನ ಕಳೆದಂತೆ ಕಡುಕೆಂಪು. ಒಂದೇ ಬಳ್ಳಿಯಲ್ಲಿ ಎರಡೂ ಕಾಣುತ್ತದೆ. ಆ ಬಳ್ಳಿಯನ್ನು ಹೂವಿಲ್ಲದಾಗಲೂ ಹಿಡಿಯಬಹುದು: ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಗೆ ಹಬ್ಬಿರುತ್ತದೆ. ಇದರ ಗೆಡ್ಡೆ ಭಾರಿ ವಿಷ, ಕಾರ್ಡಿನಲ್ಲಿ ಅದನ್ನೂ ಬರೆದಿದ್ದೇನೆ.

ಇನ್ನು ಕಟ್ಟುವ ಕೆಲಸ.

300 ಜಿಎಸ್‌ಎಂ ದಪ್ಪದ ಬಿಳಿ ಕಾರ್ಡ್‌ಶೀಟ್, ಎ4 ಅಳತೆಯದು, 15 ಹಾಳೆ. ಒಂದರಲ್ಲಿ ನಾಲ್ಕರಂತೆ 60 ಕಾರ್ಡು. 48 ಗಿಡಗಳಿಗೆ, ಉಳಿದ 12 ಮುಂದೆ ಸೇರಿಸಲು. ಕತ್ತರಿಸುವ ಕೆಲಸವನ್ನು ಪ್ರಿಂಟಿಂಗ್ ಪ್ರೆಸ್‌ನ ಕಟಿಂಗ್ ಮಷೀನಿಗೆ ಕೊಡಿ. ಕೈಯಲ್ಲಿ ಕತ್ತರಿಸಿದರೆ ಒಂದೊಂದು ಕಾರ್ಡು ಒಂದೊಂದು ಮಿಲಿಮೀಟರ್ ಹೆಚ್ಚುಕಮ್ಮಿ ಆಗಿ, ಜೋಡಿಸಿದಾಗ ತೂತಿಗೆ ತೂತು ಕೂರುವುದಿಲ್ಲ. ಪ್ರೆಸ್‌ನಲ್ಲೇ ಬಲಗಡೆ ಮೇಲಿನ ಮೂಲೆಯನ್ನೂ ಓರೆಯಾಗಿ ಕತ್ತರಿಸಿ ಕೊಟ್ಟರು. ಯಾವುದಾದರೂ ಕಾರ್ಡು ತಿರುಗಿ ಕೂತರೆ ಆ ಮೂಲೆ ಎದ್ದು ಕಾಣುತ್ತದೆ. ಈ ಮೂಲೆ ಇಲ್ಲದೆ ಕಟ್ಟು ಕೆಲಸ ಮಾಡುವುದಿಲ್ಲ ಅಂತಲೇ ಹೇಳಬಹುದು.

ಆಫೀಸಿನ ಪಂಚ್‌ನಲ್ಲಿ ತೂತು ಹಾಕಲು ಹೊರಟರೆ 48 ಕಾರ್ಡಿಗೇ 1,584 ತೂತು. ಸಾಲೂ ನೆಟ್ಟಗೆ ಬರುವುದಿಲ್ಲ. ಅದಕ್ಕೆ ಡ್ರಿಲ್ಲು. 12 ಮಿಲಿಮೀಟರ್ ಪ್ಲೈವುಡ್‌ನ ಎರಡು ತುಂಡನ್ನು ಕಾರ್ಡಿನ ಅಳತೆಗಿಂತ ತುಸು ದೊಡ್ಡದಾಗಿ ಕುಯ್ಸಿದೆ. ಮೇಲಿನ ತುಂಡಿನ ಮೇಲೆ 33 ಗುರುತು: ಕಾರ್ಡಿನ ಅಂಚಿನಿಂದ ತೂತಿನ ನಡುವಿಗೆ 6 ಮಿಲಿಮೀಟರ್, ತೂತಿನಿಂದ ತೂತಿಗೆ 10 ಮಿಲಿಮೀಟರ್. ಗುರುತಿನ ಮೇಲೆ ಬಡಗಿಯ ಅಂಗಡಿಯಲ್ಲಿ ಸ್ಟ್ಯಾಂಡ್ ಡ್ರಿಲ್ಲಿನಿಂದ 6 ಮಿಲಿಮೀಟರ್ ತೂತು ಹಾಕಿಸಿದೆ. ಇದು ಅಚ್ಚು. ಇದು ನೆಟ್ಟಗಿದ್ದರೆ ಆಮೇಲೆ ಮನೆಯ ಕೈ ಡ್ರಿಲ್ಲೇ ಸಾಕು. ತೂತು 6 ಮಿಲಿಮೀಟರ್ ಅಂದಮೇಲೆ ಅಂಚಿಗೆ ಉಳಿಯುವ ಕಾಗದ 3 ಮಿಲಿಮೀಟರ್. ಅದಕ್ಕಿಂತ ಕಡಿಮೆ ಆದರೆ ಕಡ್ಡಿ ಎತ್ತಿದಾಗ ಹರಿಯುತ್ತದೆ.

ಕಾರ್ಡುಗಳನ್ನು 30ರ ಎರಡು ಕಟ್ಟು ಮಾಡಿ, ಒಂದೊಂದರ ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು, ಎರಡು ಪ್ಲೈವುಡ್ ನಡುವೆ ಸಿ-ಕ್ಲಾಂಪ್ ಹಾಕಿ ಬಿಗಿದೆ. ಬಿಗಿ ಅಂದರೆ ಕಾರ್ಡು ಬೆರಳಲ್ಲಿ ತಳ್ಳಿದರೆ ಕದಲಬಾರದು, ಅಷ್ಟು. ಸಡಿಲ ಇದ್ದರೆ ಡ್ರಿಲ್ಲಿಗೆ ಸಿಕ್ಕಿಸುವ ಬಿಟ್ಟು ಕಾಗದವನ್ನು ಎತ್ತಿ ಜೂಲು ಜೂಲು ಮಾಡುತ್ತದೆ. ಮರಕ್ಕೆ ಬಳಸುವ, ನಡುವೆ ಚೂಪು ಮೊನೆ ಇರುವ ಬಿಟ್ಟು ಹಾಕಿ. ಲೋಹದ ಬಿಟ್ಟಿಗಿಂತ ಅಂಚು ಸ್ವಚ್ಛವಾಗಿ ಬರುತ್ತದೆ. ಅಲ್ಲಲ್ಲಿ ಉಳಿದ ಜೂಲನ್ನು ಕ್ಲಾಂಪ್ ಬಿಚ್ಚುವ ಮುಂಚೆಯೇ ಪೆನ್ಸಿಲ್‌ಗೆ ಸುತ್ತಿದ ಸ್ಯಾಂಡ್‌ಪೇಪರ್‌ನಿಂದ ತೆಗೆದೆ.

ಬರೆಯುವ ಕೆಲಸ ತೂತಿನ ನಂತರ. ಮುಂಭಾಗದಲ್ಲಿ ಎಲೆಯ ಅಚ್ಚು: ಎಲೆಯನ್ನು ಅಡಿಭಾಗ ಮೇಲೆ ಬರುವಂತೆ ಇಟ್ಟು, ತೆಳು ಕಾಗದ ಹೊದಿಸಿ, ಮೇಣದ ಬಳಪವನ್ನು ಅಡ್ಡಡ್ಡ ಉಜ್ಜಿದರೆ ನರಗಳು ಎದ್ದುಬರುತ್ತವೆ. ಅದನ್ನು ಕಾರ್ಡಿಗೆ ತಕ್ಕಂತೆ ಕತ್ತರಿಸಿ ಅಂಟಿಸಿದೆ. ಫೋಟೋಗಿಂತ ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಎಲಚಿಯ ಮೂರು ನರ ಫೋಟೋದಲ್ಲಿ ಬೆಳಕಿಗೆ ಮಾಸುತ್ತದೆ, ಅಚ್ಚಿನಲ್ಲಿ ಮಾಸುವುದಿಲ್ಲ. ಸಾಗುವಾನಿಯಂಥ ದೊಡ್ಡ ಎಲೆಗೆ ಬುಡದ ಭಾಗ ಮಾತ್ರ. ಹಿಂಭಾಗದಲ್ಲಿ ಊರಿನ ಹೆಸರುಗಳು, ಸಸ್ಯಶಾಸ್ತ್ರದ ಹೆಸರು, ಹೂ ಕಾಯಿಯ ತಿಂಗಳು, ‘ಇದಕ್ಕೂ ಅದಕ್ಕೂ ಗೊಂದಲ ಆದರೆ’ ಅಂತ ಎರಡು ಸಾಲು. ಸಸ್ಯಶಾಸ್ತ್ರದ ಹೆಸರು ಬೇಕೇ ಬೇಕು. ಒಂದು ಊರಿನ ಕಾರೆ ಇನ್ನೊಂದು ಊರಿನಲ್ಲಿ ಬೇರೆ ಗಿಡ ಆಗಿರುತ್ತದೆ.

ಅನುಮಾನ ಇದ್ದ ಗಿಡಗಳನ್ನು ಒತ್ತಿ ಒಣಗಿಸಿ ಇಟ್ಟುಕೊಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಆನ್‌ಲೈನ್‌ನಲ್ಲಿ ಹಾಕಿರುವ ಹಾಳೆಗಳ ಜೊತೆ ಹೋಲಿಸಿದೆ. ಒತ್ತಲು ಎರಡು ಪ್ಲೈವುಡ್ ಹಲಗೆ, ಹಳೇ ಪೇಪರು, ನಡುನಡುವೆ ರಟ್ಟು, ಬಿಗಿಯಲು ಎರಡು ಪಟ್ಟಿ. ಮಳೆಗಾಲದಲ್ಲಿ ಪೇಪರನ್ನು ದಿನಾ ಬದಲಿಸಬೇಕು, ಇಲ್ಲದಿದ್ದರೆ ಎಲೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ರೆಂಬೆ ತಂದಿದ್ದೆಲ್ಲ ಹೊಲದ ಬೇಲಿ, ರಸ್ತೆ ಬದಿಯಿಂದ, ಕೇಳಿಕೊಂಡು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ. ಶ್ರೀಗಂಧದ ಕಾರ್ಡನ್ನು ಉದುರಿದ ಎಲೆಯಿಂದಲೇ ಮಾಡಿದ್ದು. ಹೊನ್ನೆಯ ಕೆಂಪು ರಸ ನೋಡಲು ತೊಗಟೆಗೆ ಮಚ್ಚು ಹಾಕಬೇಡಿ. ಹಳೆಯ ಗಾಯದಿಂದ ಸುರಿದು ಒಣಗಿದ ಕೆಂಪು ಅಂಟು ಬಹಳ ಮರಗಳಲ್ಲಿ ಕಾಣುತ್ತದೆ. ಕಾಣದಿದ್ದರೆ ಎಲೆ ಇದೆಯಲ್ಲ: ಹೊನ್ನೆಯ ಚಿಕ್ಕೆಲೆಗಳು ದಂಡಿನ ಮೇಲೆ ಒಂದಾದ ಮೇಲೊಂದು, ತುದಿ ತುಸು ಒಳಗೆ ಕಚ್ಚಿದಂತೆ. ಹೊಂಗೆಯವು ಎದುರೆದುರು, ತುದಿ ಚೂಪು.

ಕಾರ್ಡಿಗೆ ನೀರು ತಾಗದಂತೆ ಮಾಡಲು ಲ್ಯಾಮಿನೇಷನ್ ಸರಿಯಾಗಲ್ಲ. ತೂತು ಕೊರೆದ ಮೇಲೆ ಅಂಚು ಬಿಟ್ಟುಕೊಂಡು ಒಳಗೆ ನೀರು ಇಳಿಯುತ್ತದೆ, ಕಾಗದಕ್ಕಿಂತ ಜಾಸ್ತಿ ರಗಳೆ. ವಾಟರ್‌ಪ್ರೂಫ್ ಶಾಯಿಯಲ್ಲಿ ಬರೆದು, ಕ್ಲಿಯರ್ ಲ್ಯಾಕರ್ ಸ್ಪ್ರೇಯನ್ನು ತೆಳುವಾಗಿ ಎರಡೂ ಕಡೆ ಹೊಡೆದೆ. ತೂತಿನ ಒಳಗೂ ಹೋಗುವಂತೆ ಓರೆಯಾಗಿ ಹೊಡೆಯಬೇಕು. ಎಳೆ ಬಿಸಿಲಲ್ಲಿ ಪೂರ್ತಿ ಒಣಗಿಸಿದೆ.

ಕತ್ತರಿ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಗಿಡವನ್ನೋ ಒತ್ತಿದ ರೆಂಬೆಯನ್ನೋ ಮುಂದಿಟ್ಟುಕೊಂಡು, ಕತ್ತರಿಸಬೇಕಾದ ತೂತಿಗೆಲ್ಲ ಮೊದಲು ಪೆನ್ಸಿಲ್ ಚುಕ್ಕೆ. ಮಾರನೆ ದಿನ ಇನ್ನೊಮ್ಮೆ ನೋಡಿ ಕತ್ತರಿ. ತೂತಿನ ಎರಡು ಪಕ್ಕದಿಂದ ಅಂಚಿನವರೆಗೆ, ಅಂಚಿನ ಕಡೆ ಅಗಲವಾಗುವಂತೆ. ಬೇಡದ ತೂತಿಗೆ ಬಾಯಿ ಬಿಡಿಸಿದರೆ ಎರಡೂ ಕಡೆ ಕಾಗದದ ಟೇಪು ಹಚ್ಚಿ ಮತ್ತೆ ತೂತು ಹಾಕಿದರೆ ಆಯಿತು.

ಕಡ್ಡಿ ಅಂದರೆ ಸೈಕಲ್ ಚಕ್ರದ ಕಡ್ಡಿ. ಅಂಗಡಿಯಲ್ಲಿ ಹಳೆಯದು ಸುಮ್ನೆ ಕೊಡುತ್ತಾರೆ. 2 ಮಿಲಿಮೀಟರ್ ದಪ್ಪ, ಬಾಗುವುದಿಲ್ಲ, ಒಂದು ತುದಿ ಮೊದಲೇ ಮಣಿದಿರುವುದರಿಂದ ಕಾರ್ಡು ಹಿಂದಕ್ಕೆ ಜಾರುವುದಿಲ್ಲ. ತಿರುಪಿನ ಮರೆ ಇರುವ ತುದಿಯನ್ನು ಕತ್ತರಿಸಿ, ಅರದಿಂದ ಉಜ್ಜಿ ಮೊಂಡು ಮಾಡಿದೆ. ಚೂಪಾಗಿದ್ದರೆ ಕಾರ್ಡಿಗೆ ಚುಚ್ಚುತ್ತದೆ.

ಮೊದಲ ಪರೀಕ್ಷೆಗೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅವನಿಗೆ ಮಾವು, ಬೇವು ಬಿಟ್ಟರೆ ಬೇರೆ ಮರ ಗೊತ್ತಿಲ್ಲ. ಅದಕ್ಕೇ ಅವನು.

‘ಮಾಮ, ಅಲ್ಲಾಡಿಸಿದ್ರೂ ಬೀಳ್ತಿಲ್ಲ. ಕಚ್ಕೊಂಡಿದೆ.’

ಲ್ಯಾಕರ್ ಬಿಸಿಗೆ ಮೆತ್ತಗಾಗಿ ಕಾರ್ಡಿಗೆ ಕಾರ್ಡು ಅಂಟುತ್ತಿತ್ತು. ಮನೆಗೆ ಬಂದು ಕೇರಂ ಬೋರ್ಡಿನ ಪೌಡರ್ ಉದುರಿಸಿ ಬಟ್ಟೆಯಿಂದ ಒರೆಸಿದ ಮೇಲೆ ಸಲೀಸಾಗಿ ಬೀಳತೊಡಗಿತು. ಈಗಲೂ ಪೆಟ್ಟಿಗೆಯಲ್ಲಿ ಒಂದು ಸಣ್ಣ ಡಬ್ಬಿ ಪೌಡರ್ ಇಟ್ಟಿರುತ್ತೇನೆ. ಅಲ್ಲಾಡಿಸುವ ಮುಂಚೆ ಕಟ್ಟನ್ನು ಬೀಸಣಿಗೆ ಥರ ಒಮ್ಮೆ ಬಿಡಿಸುವುದೂ ಒಳ್ಳೆಯದು.

ಎರಡನೆಯ ಸಲ ದಾರಿ ಬದಿಯ ಒಂದು ಮುಳ್ಳುಪೊದೆ ಹಿಡಿದೆವು. ಹೂವಿಲ್ಲ, ಕಾಯಿಲ್ಲ. ಎಲೆ ಎದುರೆದುರು. ಕಡ್ಡಿ ಚುಚ್ಚಿದ. ಉದುರಿದವನ್ನು ಜೋಡಿಸಿ ‘ನೇರ ಮುಳ್ಳು’ ತೂತಿಗೆ ಚುಚ್ಚಿದ. ನಾಲ್ಕು ಬಿದ್ದವು: ಕವಳೆ, ಕಾರೆ, ಮಂಗಾರೆ, ಮುಳ್ಳುಗೋರಂಟಿ. ಎಲೆ ಮುರಿ ಅಂದೆ. ತೊಟ್ಟಿನ ತುದಿಯಲ್ಲಿ ಬಿಳಿ ಹಾಲು ಮುತ್ತಿನಂತೆ ನಿಂತಿತು. ‘ಹಾಲು’ ತೂತಿಗೆ ಚುಚ್ಚಿದರೆ ಬಿದ್ದಿದ್ದು ಕವಳೆ ಒಂದೇ. ಕಾರ್ಡಿನ ಹಿಂದೆ ಬರೆದದ್ದನ್ನು ಓದಿಕೊಂಡು ಮುಳ್ಳು ನೋಡಿದ. ಕೆಲವು ತುದಿಯಲ್ಲಿ ಎರಡಾಗಿ ಕವಲೊಡೆದಿದ್ದವು. ಎಲೆ ದಪ್ಪ, ಹೊಳಪು. ಎಲ್ಲ ತಾಳೆ ಆಯಿತು. ಹುಳಿಸಿಹಿ ಕರಿ ಹಣ್ಣು ಬಿಡುವ ಕವಳೆ ಇದೇ ಅಂತ ಗೊತ್ತಾದ ಮೇಲೆ ಹಣ್ಣಿನ ಕಾಲ ಯಾವಾಗ ಅಂತ ಎರಡು ಸಲ ಕೇಳಿದ.

ಹಾಲು ಬರದೇ ಇದ್ದಿದ್ದರೆ? ಆಗ ನಾಲ್ಕೂ ಕಾರ್ಡಿನ ಹಿಂಭಾಗ ಓದಬೇಕು. ಮುಳ್ಳುಗೋರಂಟಿ ಮೊಣಕಾಲೆತ್ತರ, ಮುಳ್ಳು ಸೂಜಿಯಷ್ಟು ತೆಳು. ಮಂಗಾರೆಯ ಎಲೆ ಗಿಡ್ಡ ರೆಂಬೆಯ ತುದಿಯಲ್ಲಿ ಗೊಂಚಲು. ಕಾರೆಯಾದರೆ ಎದುರೆದುರು ತೊಟ್ಟುಗಳ ನಡುವೆ, ಕಾಂಡದ ಮೇಲೆ ಒಂದು ಪುಟ್ಟ ತ್ರಿಕೋನದ ಪತ್ರ ಲೆನ್ಸಿನಲ್ಲಿ ಕಾಣುತ್ತದೆ. ಕಾಫಿ ಗಿಡದ ಕುಟುಂಬಕ್ಕೆಲ್ಲ ಇರುವ ಗುರುತು ಇದು. ಮನೆ ಹಿತ್ತಲಲ್ಲಿ ಕಾಫಿ ಗಿಡ ಇರುವವರು ಅದರಲ್ಲೇ ನೋಡಿ ಅಭ್ಯಾಸ ಮಾಡಿಕೊಳ್ಳಬಹುದು.

ಇದನ್ನೆಲ್ಲ ನೋಡುತ್ತ ಕುರಿ ಕಾಯುವ ತಾತ ಒಬ್ಬರು ಹತ್ತಿರ ಬಂದರು.

‘ಏನ್ ಸ್ವಾಮಿ, ಇಸ್ಪೀಟಾ?’

‘ಅಲ್ಲ ತಾತ, ಗಿಡದ ಹೆಸರು ಹೇಳೋ ಕಾರ್ಡು.’

‘ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?’

ಕೇಳಿದೆ. ಬೇಸಿಗೆಯಲ್ಲಿ ಎಲೆ ಇಲ್ಲದಾಗ ಕಾರೆಯನ್ನು ಹೇಗೆ ಗುರುತು ಹಿಡಿಯುತ್ತೀರಿ ಅಂತ. ಅವರು ಒಂದು ಬೋಳು ರೆಂಬೆ ಹಿಡಿದು ತೋರಿಸಿದರು. ‘ಇಗಾ, ಮುಳ್ಳು ನೋಡ್ರಿ. ಈ ಜೋಡಿ ಮೂಡ್ಲು ಪಡುವ್ಲು ನಿಂತದೆ. ಮೇಲಿನ ಜೋಡಿ ತೆಂಕ್ಲು ಬಡಗ್ಲು.’ ಕಾರೆಯಂಥ ಗಿಡಗಳಲ್ಲಿ ಮುಳ್ಳು ಹುಟ್ಟುವುದು ಎಲೆಯ ಕಂಕುಳಲ್ಲಿ. ಹಾಗಾಗಿ ಅಂಥ ಮುಳ್ಳು ಎದುರೆದುರು ಇದ್ದರೆ ಎಲೆಯೂ ಎದುರೆದುರೇ ಇತ್ತು ಅಂತ ಲೆಕ್ಕ. ಮುಳ್ಳಿಲ್ಲದ ಗಿಡದಲ್ಲಿ ಉದುರಿದ ಎಲೆಯ ಗಾಯದ ಗುರುತು ಇದೇ ಕೆಲಸ ಮಾಡುತ್ತದೆ. ಬೇಸಿಗೆಗೆ ಬೇರೆ ಕಟ್ಟು ಮಾಡಬೇಕೇನೋ ಅಂತ ಯೋಚಿಸುತ್ತಿದ್ದೆ, ಈ ಒಂದು ಮಾತಿನಿಂದ ಬೇಡ ಅನ್ನಿಸಿತು. ಎಲೆ ಜೋಡಣೆಯ ತೂತುಗಳನ್ನೇ ಮಾರ್ಚಿನಲ್ಲೂ ಬಳಸಬಹುದು, ಜೊತೆಗೆ ತೊಗಟೆ. ದಿಂಡಿಗ ಬಿಳಿ ಬೂದು ಬಣ್ಣದ ನುಣುಪು ಕಾಂಡ, ತೆಳು ಚಕ್ಕೆ ಎದ್ದ ಕಡೆ ಆಳವಿಲ್ಲದ ಗುಳಿ. ಕರಿಮತ್ತಿಯದು ಚೌಕ ಚೌಕ ಸೀಳು. ಇವೆರಡನ್ನು ಎಲೆಯಿಲ್ಲದೆಯೇ ದೂರದಿಂದ ಹೇಳಬಹುದು.

ನಮ್ಮ ನೆಲದ ಗಿಡಗಳ ಕಟ್ಟು ಇದು. ಆದರೂ ಹೊರಗಿನಿಂದ ಬಂದವಕ್ಕೂ ಕಾರ್ಡು ಮಾಡಲೇಬೇಕಾಯಿತು. ಬಳ್ಳಾರಿ ಜಾಲಿಗೆ ಕಾರ್ಡು ಇಲ್ಲದಿದ್ದರೆ, ಅದರ ಮುಂದೆ ನಿಂತು ಗರಿಯೊಳಗೆ ಗರಿ, ನೇರ ಮುಳ್ಳು ಅಂತ ಚುಚ್ಚಿದವರಿಗೆ ಕರಿಜಾಲಿಯ ಕಾರ್ಡು ಬೀಳುತ್ತದೆ, ಅವರು ಅದೇ ಅಂದುಕೊಳ್ಳುತ್ತಾರೆ. ಎರಡೂ ಕಾರ್ಡು ಬಿದ್ದರೆ ಹೋಲಿಸಿ ನೋಡುತ್ತಾರೆ: ಬಳ್ಳಾರಿ ಜಾಲಿಯ ಎಲೆಯಲ್ಲಿ ಕವಲು ಸಾಮಾನ್ಯವಾಗಿ ಒಂದೆರಡು ಜೋಡಿ, ಹೂ ಉದ್ದನೆಯ ತೆನೆ. ಕರಿಜಾಲಿಯಲ್ಲಿ ಕವಲು ಅದಕ್ಕಿಂತ ಜಾಸ್ತಿ, ಹೂ ಹಳದಿ ಗುಂಡು. ಕಗ್ಗಲಿಯ ಮುಳ್ಳು ಕೊಕ್ಕೆ, ಅದು ಮೊದಲೇ ಬೇರೆ ಆಗುತ್ತದೆ. ಹೊರಗಿನ ಗಿಡಗಳ ಕಾರ್ಡಿನ ಕೆಳ ಅಂಚಿಗೆ ಕೆಂಪು ಬಳಿದಿದ್ದೇನೆ: ಬಳ್ಳಾರಿ ಜಾಲಿ, ಲಂಟಾನ, ಕಾಂಗ್ರೆಸ್ ಗಿಡ, ಸೀತಾಫಲ, ಗ್ಲಿರಿಸಿಡಿಯ. ಇವೆಲ್ಲ ಅಮೆರಿಕ ಖಂಡಗಳಿಂದ ಬಂದವು. ಹುಣಸೆಗೂ ಕೆಂಪು ಬಳಿದಾಗ ಮನೆಯಲ್ಲಿ ಒಪ್ಪಲಿಲ್ಲ. ಅದರ ಮೂಲ ಆಫ್ರಿಕ, ಬಂದು ಎಷ್ಟೋ ಶತಮಾನ ಆಗಿದೆ. ಕೊನೆಗೆ ಅದಕ್ಕೆ ಅರ್ಧ ಅಂಚು ಕೆಂಪು ಅಂತ ರಾಜಿ ಆಯಿತು.

ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಾಲು ನೋಡಿದ ಕೈಯನ್ನು ಕಣ್ಣಿಗೆ ಮುಟ್ಟಿಸಬಾರದು, ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಅಪಾಯ. ಕಾಡುಗೇರಿನ ರಸ ಚರ್ಮ ಸುಡುತ್ತದೆ. ನಸುಗುನ್ನಿ ಕಾಯಿಯ ಸುಣೆ ತಾಗಿದರೆ ಅವತ್ತಿನ ತಿರುಗಾಟ ಅಲ್ಲಿಗೆ ಮುಗಿಯಿತು. ಈ ಕಾರ್ಡುಗಳ ಮೂಲೆಯಲ್ಲಿ ಕಪ್ಪು ಚುಕ್ಕೆ ಇದೆ, ಮಕ್ಕಳಿಗೆ ಕಟ್ಟು ಕೊಡುವ ಮುಂಚೆ ಆ ಚುಕ್ಕೆಯ ಕಾರ್ಡುಗಳನ್ನು ತೆಗೆದು ಮೊದಲು ಓದಿಸುತ್ತೇನೆ.

ಹುಲ್ಲುಗಳು ಈ ಕಟ್ಟಿಗೆ ಬರುವುದಿಲ್ಲ, ಅವಕ್ಕೆ ಲಕ್ಷಣಗಳೇ ಬೇರೆ. ಉಳಿದ 12 ಖಾಲಿ ಕಾರ್ಡಿನಲ್ಲಿ ಜಗಳಗಂಟಿ, ತಡಸಲು, ಕೊಡಸಿಗೆ ಸೇರಿಸುವುದು ಮುಂದಿನ ಕೆಲಸ. ಕೊಡಸಿಗೆ ಬಂದರೆ ಹಾಲೆ ಮರದ ಜೊತೆ ಗೊಂದಲ ಖಂಡಿತ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ. ಎರಡಕ್ಕೂ ಎದುರೆದುರು ಎಲೆ, ಬಿಳಿ ಹಾಲು, ಬಿಳಿ ಹೂ, ಜೋಡಿ ಕೋಡು. ಹಾಲೆಯಲ್ಲಿ ಎಳೆ ಕೋಡುಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೊಡಸಿಗೆಯಲ್ಲಿ ಬಿಡಿಬಿಡಿ. ಅದಕ್ಕೊಂದು ತೂತು ಬೇಕು. ಖಾಲಿ ಬಿಟ್ಟಿದ್ದ ಕೆಳ ಅಂಚನ್ನು ಕಾಯಿಗಳಿಗೆ ಕೊಡೋಣ ಅಂತಿದ್ದೇನೆ. ಅಚ್ಚಿನ ಪ್ಲೈವುಡ್‌ನಲ್ಲಿ ಆ ಕಡೆ ಏಳು ಗುರುತು ಹಾಕಿ ಆಗಿದೆ.